ಮೂರು ಪಿನ್, ನಾಲ್ಕು ಪಿನ್, ಮೂವತ್ತು ಡಾಲರ್

ಅಮೆರಿಕದಲ್ಲಿ ಏಳೆಂಟು ನೂರು ಡಾಲರ್ ಕೊಟ್ಟು ಬಟ್ಟೆ ಒಣಗಿಸುವ ಎಲೆಕ್ಟ್ರಿಕ್ ಡ್ರೈಯರ್ ಕೊಂಡರೂ ಅದಕ್ಕೆ ಕರೆಂಟಿನ ಕೇಬಲ್ ಇರುವುದಿಲ್ಲ. ಅದನ್ನು ಬೇರೆಯಾಗಿ ಕೊಳ್ಳಬೇಕು. 25ರಿಂದ 35 ಡಾಲರ್. ಕೆಲವು ಅಂಗಡಿಯವರು ಉಚಿತವಾಗಿ ಜೋಡಿಸಿಕೊಡುತ್ತೇವೆ ಎಂದು ದೊಡ್ಡದಾಗಿ ಬರೆದು, ಕೇಬಲ್ ತಮ್ಮಲ್ಲೇ ಕೊಂಡರೆ ಮಾತ್ರ ಎಂಬುದನ್ನು ಸಣ್ಣಕ್ಷರದಲ್ಲಿ ಹಾಕಿರುತ್ತಾರೆ. ಮೈಸೂರಿನಿಂದ ಬಂದು ನ್ಯೂಜೆರ್ಸಿಯ ನಮ್ಮ ಮನೆಯಲ್ಲಿದ್ದ ಮಾವನವರು ಬಿಲ್ ನೋಡಿ, ‘ಇದೇನ್ರೀ ಅಳಿಯಂದ್ರೆ, ಹಗಲು ದರೋಡೆ!’ ಅಂದರು.

ದರೋಡೆ ಎನ್ನಲು ಬರುವುದಿಲ್ಲ. ಇಲ್ಲಿನ ಮನೆಗಳಲ್ಲಿ ಡ್ರೈಯರ್‌ಗೆಂದೇ ಇರುವ ಸಾಕೆಟ್‌ನಲ್ಲಿ ಎರಡು ಬಗೆ. 1996ರ ರಾಷ್ಟ್ರೀಯ ವಿದ್ಯುತ್ ಸಂಹಿತೆ ಹೊಸ ಸಂಪರ್ಕಗಳಿಗೆಲ್ಲ ನಾಲ್ಕು ಪಿನ್ ಇರಲೇಬೇಕು ಎಂದಿತು; ಹಳೆಯ ಮನೆಗಳ ಮೂರು ಪಿನ್ ಸಾಕೆಟ್ ಇದ್ದ ಹಾಗೇ ಇರಲಿ ಎಂದು ಬಿಟ್ಟುಬಿಟ್ಟಿತು. ಯಾರ ಗೋಡೆಯಲ್ಲಿ ಯಾವುದಿದೆ ಎಂದು ಕಾರ್ಖಾನೆಯವರಿಗೆ ಹೇಗೆ ಗೊತ್ತಾಗಬೇಕು?

ನಮ್ಮೂರಲ್ಲಿ ಯಾವ ಸಾಕೆಟ್‌ಗೆ ಸಿಕ್ಕಿಸಿದರೂ 230 ವೋಲ್ಟ್. ಇಲ್ಲಿ ಮಾಮೂಲಿ ಸಾಕೆಟ್‌ನಲ್ಲಿ ಬರುವುದು 120 ಮಾತ್ರ. ಡ್ರೈಯರ್‌ನ ಕಾಯಿಲ್ ಕಾಯಬೇಕಾದರೆ 240 ಬೇಕು, ಅದಕ್ಕೆ ಎರಡು ಲೈವ್ ತಂತಿ. ಡ್ರಮ್ ತಿರುಗಿಸುವ ಮೋಟಾರಿಗೆ 120 ಸಾಕು, ಅದಕ್ಕೊಂದು ನ್ಯೂಟ್ರಲ್. ಹಳೆಯ ಮೂರು ಪಿನ್‌ನಲ್ಲಿ ಇಷ್ಟೇ ಇರುವುದು. ಅರ್ತಿಂಗ್ ಕೆಲಸವೂ ನ್ಯೂಟ್ರಲ್ ತಲೆಗೇ. ಎರಡನೇ ಮಹಾಯುದ್ಧದ ಕಾಲದಲ್ಲಿ ತಾಮ್ರ ಉಳಿಸಲೆಂದು ಎಲೆಕ್ಟ್ರಿಕ್ ಒಲೆಗಳಿಗೆ ಕೊಟ್ಟ ರಿಯಾಯಿತಿ ಆಮೇಲೆ ಡ್ರೈಯರ್‌ಗೂ ದಕ್ಕಿ, ಯುದ್ಧ ಮುಗಿದು ಅರ್ಧ ಶತಮಾನದವರೆಗೂ ನಡೆದುಕೊಂಡು ಬಂತು. (ತಾತ್ಕಾಲಿಕ ಎಂದದ್ದು ಯಾವ ದೇಶದಲ್ಲಾದರೂ ಹೀಗೇ.) ನ್ಯೂಟ್ರಲ್ ಎಲ್ಲಾದರೂ ಕಡಿದುಹೋದರೆ ಯಂತ್ರದ ಮೈಗೇ ಕರೆಂಟ್ ಬರಬಹುದು. ನಾಲ್ಕನೆಯ ಪಿನ್ ಬಂದದ್ದು ಅದಕ್ಕೆ.

ನಾವು ಹೊಸ ಬಡಾವಣೆಯ ಬಾಡಿಗೆ ಮನೆ ಬಿಟ್ಟು 1970ರ ದಶಕದಲ್ಲಿ ಕಟ್ಟಿದ ಮನೆ ಕೊಂಡಾಗ ಡ್ರೈಯರ್ ನಮ್ಮ ಜೊತೆಗೇ ಬಂತು, ನಾಲ್ಕು ಪಿನ್ ಸಮೇತ. ಗೋಡೆಯಲ್ಲಿದ್ದದ್ದು ಮೂರು. ಎಲೆಕ್ಟ್ರಿಷಿಯನ್ ಬಂದು ನೋಡಿದ. ನಾಲ್ಕು ಪಿನ್ ಸಾಕೆಟ್ ಕೂರಿಸಬೇಕಾದರೆ ಬೇಸ್‌ಮೆಂಟಿನ ಬ್ರೇಕರ್ ಪ್ಯಾನೆಲ್ಲಿನಿಂದ ಹೊಸ ಲೈನ್ ಎಳೆಯಬೇಕು, 600 ಡಾಲರ್ ಆಗುತ್ತದೆ ಅಂದ. ಹಳೆಯ ಸಾಕೆಟ್ ಪರೀಕ್ಷಿಸಿ, ಇದಕ್ಕೇನೂ ಆಗಿಲ್ಲ ಎಂದೂ ಅಂದ. ಆನ್‌ಲೈನಿನಲ್ಲಿ ನಾಲ್ಕನ್ನು ಮೂರಕ್ಕೆ ಇಳಿಸುವ ಅಡಾಪ್ಟರ್ ಸಿಗುತ್ತದೆ, ನಲವತ್ತು ಡಾಲರ್ ಆಸುಪಾಸು. ಅದರಿಂದ ಹೊರಬರುವ ಹಸಿರು ತಂತಿಯನ್ನು ಎಲ್ಲಾದರೂ ಸರಿಯಾದ ಅರ್ತಿಂಗ್‌ಗೆ ಕಟ್ಟಬೇಕು. ಎಷ್ಟೋ ಜನ ಕಟ್ಟುವುದಿಲ್ಲ. ಉಳಿದದ್ದು ಡ್ರೈಯರ್‌ನ ಕೇಬಲ್ಲನ್ನೇ ಬದಲಿಸುವುದು. ಮೂರು ಪಿನ್ ಕೇಬಲ್‌ಗೆ 28 ಡಾಲರ್, ಅದನ್ನು ಹಿಡಿದಿಡುವ ಕ್ಲ್ಯಾಂಪ್‌ಗೆ 4. ಗೋಡೆ ಮುಟ್ಟಿದರೆ ನೂರಾರು, ಯಂತ್ರ ಮುಟ್ಟಿದರೆ ಮೂವತ್ತು. ಸಾಕೆಟ್ ಸುಸ್ಥಿತಿಯಲ್ಲಿದ್ದರೆ ನನ್ನ ಮತ ಯಾವತ್ತೂ ಯಂತ್ರದ ಕಡೆಗೆ. ಸಾಕೆಟ್ ಕಂದು ತಿರುಗಿದ್ದರೆ, ಪ್ಲಗ್ ಹಾಕಿದಾಗ ಸಡಿಲ ಅನ್ನಿಸಿದರೆ, ಆ 600 ಡಾಲರ್ ಕೊಡಲು ಮೀನಮೇಷ ಎಣಿಸುವುದಿಲ್ಲ.

ಕೆಲಸ ಅರ್ಧ ಗಂಟೆಯದು. ನಮ್ಮೂರಿನಂತೆ ಸಾಕೆಟ್ ಪಕ್ಕ ಸ್ವಿಚ್ ಇಲ್ಲ, ಹಾಗಾಗಿ ಮೊದಲು ಬ್ರೇಕರ್ ಆಫ್, ಆಮೇಲೆ ಪ್ಲಗ್ ಕೀಳಬೇಕು. ಡ್ರೈಯರ್‌ನ ಬೆನ್ನಿನ ಸಣ್ಣ ತಗಡಿನ ಮುಚ್ಚಳ ಬಿಚ್ಚಿದರೆ ಬಟ್ಟೆಯ ಜುಂಗು ಹತ್ತಿದ ಮೂರು ಸ್ಕ್ರೂ ಸಾಲಾಗಿ ಕಾಣುತ್ತವೆ. ನಡುವಿನ ಬೆಳ್ಳಿ ಬಣ್ಣದ್ದು ನ್ಯೂಟ್ರಲ್, ಅಕ್ಕಪಕ್ಕದವು ಲೈವ್. ನಡುವಿನ ಸ್ಕ್ರೂನಿಂದ ಯಂತ್ರದ ಮೈಗೆ ಒಂದು ಚಿಕ್ಕ ಪಟ್ಟಿಯೋ ತಂತಿಯೋ ಹೋಗುತ್ತದೆ. ಇಡೀ ಕೆಲಸದ ಮರ್ಮ ಇರುವುದು ಅಲ್ಲೇ. ಮೂರು ಪಿನ್ ಕೇಬಲ್ ಹಾಕುವಾಗ ಅದು ಜೋಡಿಸಿರಲೇಬೇಕು. ನಾಲ್ಕು ಪಿನ್ ಹಾಕುವಾಗ ಅದನ್ನು ಮೈಯಿಂದ ಬಿಡಿಸಿ, ಕೇಬಲ್‌ನ ಹಸಿರು ತಂತಿಯನ್ನು ಆ ಜಾಗಕ್ಕೆ ಕೊಡಬೇಕು. ನಮ್ಮದು ನಾಲ್ಕರಿಂದ ಮೂರಕ್ಕೆ, ಆದ್ದರಿಂದ ಹಿಂದೆ ಯಾರೋ ಬಿಡಿಸಿ ಮಡಚಿಟ್ಟಿದ್ದ ಪಟ್ಟಿಯನ್ನು ಮತ್ತೆ ಮೈಗೆ ಬಿಗಿದೆ. ಕ್ಲ್ಯಾಂಪ್ ಯಾಕೆ, 4 ಡಾಲರ್ ಉಳಿಯಲಿ ಎನ್ನುವವರಿದ್ದಾರೆ. ಡ್ರೈಯರ್ ಅದುರುವ ಯಂತ್ರ. ಹಿಡಿತವಿಲ್ಲದ ಕೇಬಲ್ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಸುಲಿಯುತ್ತದೆ.

ಸ್ಕ್ರೂ ಬಿಗಿಯಾಗಿರಬೇಕು. 30 ಆಂಪ್ಸ್ ಲೈನಿನಲ್ಲಿ ಸಡಿಲ ಸ್ಕ್ರೂ ಎಂದರೆ ಅಲ್ಲೇ ಕಾವು, ಕೊನೆಗೆ ಕರಕಲು. ಒಂದು ಲೈವ್ ತಂತಿಯ ಸಂಪರ್ಕ ತಪ್ಪಿದರೆ ಆಗುವುದು ಸ್ವಾರಸ್ಯಕರ: 120 ಸಿಗುವುದರಿಂದ ಡ್ರಮ್ ತಿರುಗುತ್ತಲೇ ಇರಬಹುದು, 240 ಇಲ್ಲದ್ದರಿಂದ ಬಿಸಿ ಆಗುವುದಿಲ್ಲ. ಗಂಟೆ ತಿರುಗಿಸಿದರೂ ಪಂಚೆ ಒದ್ದೆ. ಹೆಚ್ಚಿನವರು ಇಲ್ಲಿ ದುಡ್ಡು ಕಳೆಯುತ್ತಾರೆ. ತಿರುಗುತ್ತಿದೆ ಅಂದ ಮೇಲೆ ಕರೆಂಟ್ ಸರಿಯಿದೆ, ಕಾಯಿಲ್ ಸುಟ್ಟಿರಬೇಕು ಎಂದುಕೊಂಡು ಅದನ್ನು ತರಿಸುತ್ತಾರೆ, ಇಲ್ಲವೇ ರಿಪೇರಿಯವನಿಗೆ ಬಂದು ನೋಡಿದ್ದಕ್ಕೇ ನೂರು ಡಾಲರ್ ಕೊಡುತ್ತಾರೆ. ನಮ್ಮ ಬೀದಿಯ ಗೆಳೆಯರೊಬ್ಬರು ಹೊಸ ಡ್ರೈಯರ್ ಕೊಳ್ಳುವ ಹಂತಕ್ಕೇ ಹೋಗಿದ್ದರು. ಅವರದು ಬರೀ ಬ್ರೇಕರ್ ಸಮಸ್ಯೆ. ಜೋಡಿ ಬ್ರೇಕರನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿದರೆ ಹೋಯಿತು. ಅದಾಗದಿದ್ದರೆ ಕೇಬಲ್ ಕಡೆ ನೋಡಬೇಕು, ಕಾಯಿಲ್ ಸರದಿ ಅದರ ನಂತರ.

ಒಂದು ಸಲ ಒಣಗಿಸಲು ಸುಮಾರು ಮೂರು ಯೂನಿಟ್ ಎಂದಿಟ್ಟುಕೊಳ್ಳಿ. ಯೂನಿಟ್ಟಿಗೆ 20 ಸೆಂಟ್ ಆದರೆ 60 ಸೆಂಟ್. ಕೇಬಲ್‌ಗೆ ಕೊಟ್ಟ 28 ಡಾಲರ್ ಐವತ್ತು ಸಲದ ಕರೆಂಟಿಗೂ ಸಾಲದು. ಬೇಸಿಗೆಯಲ್ಲಿ ಹಿತ್ತಲಲ್ಲಿ ಹಗ್ಗ ಕಟ್ಟಿದರೆ ಅದೂ ಉಳಿಯುತ್ತದೆ, ಆದರೆ ಎಷ್ಟೋ ಬಡಾವಣೆಗಳಲ್ಲಿ ಮನೆಮಾಲೀಕರ ಸಂಘದ ನಿಯಮ ಅದಕ್ಕೆ ಅಡ್ಡ. ಫ್ಲಾರಿಡಾ, ಕೊಲರಾಡೊದಂಥ ರಾಜ್ಯಗಳು ಬಟ್ಟೆ ಒಣಹಾಕುವ ಹಕ್ಕಿಗೆಂದೇ ಕಾನೂನು ಮಾಡಬೇಕಾಗಿ ಬಂದಿದೆ.

ಬಿಚ್ಚಿದ ನಾಲ್ಕು ಪಿನ್ ಕೇಬಲ್ಲನ್ನು ಸುರುಳಿ ಸುತ್ತಿ ಚೀಲದಲ್ಲಿಟ್ಟಿದ್ದೇನೆ. ಊರಿಗೆ ಮರಳುವ ಕನ್ನಡದವರು ಸಾಮಾನು ಮಾರಲು ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತಾರಲ್ಲ, ಡ್ರೈಯರ್ ಫೋಟೊ ಬಿದ್ದೊಡನೆ ಬರುವ ಪ್ರಶ್ನೆ ‘ಮೂರು ಪಿನ್ನೋ, ನಾಲ್ಕೋ?’ ಎಂಬುದೇ. ಎರಡೂ ಇವೆ ಎನ್ನುವವರು ಚೌಕಾಶಿಗೆ ಬಗ್ಗಬೇಕಾಗಿಲ್ಲ.