ಕಾಲುವೆ ಒಡೆದರೂ ಉಳಿದಿರುವ ಹೊಲ



ದಢೇಸುಗೂರು, ಸಿಂಧನೂರು ಸೀಮೆಯಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆಯನ್ನು ಅರಿಯದವರು ಯಾರು? ಕಾಲುವೆಯು ನಡುವೆ ಒಡೆದರೆ ಕೆಳಗಣ ಹೊಲಗಳಿಗೆ ನೀರು ಮುಟ್ಟುವದಿಲ್ಲ. ಮೇಲಣ ಹೊಲಗಳಾದರೋ ಹಸುರಾಗಿಯೇ ಇರುವವು. ನಮ್ಮ ಬೆನ್ನೆಲುಬಿನೊಳಗಣ ನರದ ಹುರಿಯೂ ಅಂಥದೇ. ಮರದಿಂದ ಬಿದ್ದಾಗಲಿ ಬಂಡಿ ಮಗುಚಿಯಾಗಲಿ ಅದು ತುಂಡಾದರೆ, ಪೆಟ್ಟಿನ ಕೆಳಗಣ ಅಂಗಗಳು ಚಲನೆಯನ್ನೂ ಸ್ಪರ್ಶವನ್ನೂ ಕಳಕೊಳ್ಳುವವು. ಪೋಲಿಯೋ ರೋಗವು ಅದೇ ಹುರಿಯಲ್ಲಿ ಚಲನೆಯ ನರಗಳನ್ನು ಕೆಡಿಸುತ್ತದೆ, ಸ್ಪರ್ಶವು ಉಳಿಯುತ್ತದೆ.

ಪೂರ್ವದಲ್ಲಿ ಇಂಥವರನ್ನು ಮಲಗಿಸಿ ಮರಣವನ್ನು ಕಾಯುತ್ತಿದ್ದರು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ವೈದ್ಯರಾದ ಲುಡ್ವಿಗ್ ಗುಟ್‌ಮನ್ನರು ಆಟವನ್ನೇ ಔಷಧವಾಗಿ ಕೊಟ್ಟರು. 1948ರಲ್ಲಿ ಅವರು ಗಾಲಿಕುರ್ಚಿಯ 16 ಮಂದಿಗೆ ಬಿಲ್ಲುಗಾರಿಕೆಯ ಪಂದ್ಯವನ್ನು ಏರ್ಪಡಿಸಿದರು. ಪ್ಯಾರಾಲಿಂಪಿಕ್ ಕ್ರೀಡೆಗಳಿಗೆ ಇದೇ ಮೂಲವು. ನೆರೆರಾಜ್ಯದ ಸಾಂಗ್ಲಿ ಜಿಲ್ಲೆಯ ಮುರಳಿಕಾಂತ್ ಪೇಟ್ಕರರು ಸೈನ್ಯದಲ್ಲಿ ಮುಷ್ಟಿಯುದ್ಧದ ಆಟಗಾರರಾಗಿದ್ದರು. 1965ರ ಯುದ್ಧದಲ್ಲಿ ಗುಂಡೇಟಿನಿಂದ ಅವರ ಬೆನ್ನುಹುರಿಗೆ ಪೆಟ್ಟಾಯಿತು. ಚಿಕಿತ್ಸೆಗಾಗಿ ಈಜತೊಡಗಿದ ಅವರು 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ 50 ಮೀಟರ್ ಈಜಿನ ಚಿನ್ನವನ್ನು ಗೆದ್ದರು. ಪ್ಯಾರಾಲಿಂಪಿಕ್ಕಿನಲ್ಲಿ ಭಾರತಕ್ಕೆ ಅದೇ ಮೊದಲನೆಯ ಚಿನ್ನವು.

ನಮ್ಮ ನಾಡಿನವರೇ ಆದ ಬೆಂಗಳೂರಿನ ಮಾಲತಿ ಕೃಷ್ಣಮೂರ್ತಿ ಹೊಳ್ಳರ ಸಂಗತಿಯನ್ನು ಇನ್ನೂ ಲಕ್ಷ್ಯವಿಟ್ಟು ಕೇಳಿರಿ. 1958ರಲ್ಲಿ ಹುಟ್ಟಿದ ಈಕೆಗೆ ಎಳೆಯ ಪ್ರಾಯದಲ್ಲಿಯೇ ಪೋಲಿಯೋ ಜ್ವರದಿಂದ ಸರ್ವಾಂಗವೂ ಸ್ವಾಧೀನ ತಪ್ಪಿತು. ಎರಡು ವರುಷಕ್ಕೂ ಹೆಚ್ಚಿನ ಚಿಕಿತ್ಸೆಯಿಂದ ಮೇಲಣ ಅರ್ಧ ಶರೀರಕ್ಕೆ ಬಲ ಬಂತು, ಕಾಲುಗಳಿಗೆ ಬರಲಿಲ್ಲ. ಮದ್ರಾಸಿನ ಚಿಕಿತ್ಸಾಕೇಂದ್ರದಲ್ಲಿ ಹದಿನೈದು ವರುಷ ಬೆಳೆದರು. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಸಹಿಸಿದರು. ಉಳಿದ ಕೈಗಳಿಂದಲೇ ಗುಂಡು, ಚಕ್ರ, ಭರ್ಜಿಗಳನ್ನು ಎಸೆದರು, ಗಾಲಿಕುರ್ಚಿಯನ್ನು ಓಡಿಸಿದರು. 1988ರ ಸಿಯೋಲ್ ಪ್ಯಾರಾಲಿಂಪಿಕ್ಕಿನಲ್ಲಿ ಭಾರತದ ಪರವಾಗಿ ಆಡಿದರು. 1989ರಲ್ಲಿ ಡೆನ್ಮಾರ್ಕಿನಲ್ಲಿ ಈ ಮೂರು ಎಸೆತಗಳಲ್ಲಿಯೂ 200 ಮೀಟರ್ ಓಟದಲ್ಲಿಯೂ ಚಿನ್ನವು ಅವರದಾಯಿತು. 1995ರಲ್ಲಿ ಅರ್ಜುನ ಪ್ರಶಸ್ತಿಯೂ 2001ರಲ್ಲಿ ಪದ್ಮಶ್ರೀಯೂ ದೊರೆತವು. ಬ್ಯಾಂಕಿನಲ್ಲಿ ಉದ್ಯೋಗ ಮಾಡುತ್ತಲೇ ಮಾತೃ ಫೌಂಡೇಶನ್ ಎಂಬ ಸಂಸ್ಥೆಯನ್ನು ಕಟ್ಟಿ, ಅಂಗವಿಕಲ ಮಕ್ಕಳಿಗೆ ಆಶ್ರಯ ಕೊಟ್ಟರು.

ಇದರಿಂದ ನಾವು ಕಲಿಯತಕ್ಕದ್ದೇನು? ಎಲ್ಲರೂ ಪದಕವನ್ನು ಗೆಲ್ಲುವದಿಲ್ಲ, ನಿಜ. ಆದರೆ ಊರೂರು ತಿರುಗುವಾಗ ನಾವು ಬಲವಾದ ತೋಳುಗಳುಳ್ಳವರನ್ನು ಕತ್ತಲೆಯ ಕೋಣೆಗಳಲ್ಲಿ ಕಂಡಿದ್ದೇವೆ. ಹೋದ ಕಾಲಿಗಾಗಿ ಮನೆಯವರು ಅಳುತ್ತಾರೆ. ಉಳಿದ ಕೈಗೆ ಕೆಲಸವನ್ನು ಕೊಡುವದಿಲ್ಲ. ಒಡೆದ ಕಾಲುವೆಗಾಗಿ ಅಳುತ್ತ ಹಸುರಾದ ಹೊಲವನ್ನು ಬೀಳು ಬಿಡುವದುಂಟೋ?

ಆದುದರಿಂದ ಇವುಗಳನ್ನು ನೆನಪಿನಲ್ಲಿಡಿರಿ. ಬಿದ್ದವನನ್ನು ತಟ್ಟನೆ ಎತ್ತಿ ಕೂರಿಸಬೇಡಿರಿ; 108ಕ್ಕೆ ಕರೆ ಮಾಡಿರಿ. ಸಾಗಿಸಲೇಬೇಕಾದರೆ ಹಲವರು ಕೂಡಿ, ಕುತ್ತಿಗೆ ಬೆನ್ನುಗಳು ಬಾಗದಂತೆ ಹಲಗೆಯ ಮೇಲಿಡಿರಿ. ಸ್ಪರ್ಶವಿಲ್ಲದೆ ಮಲಗಿರುವವನ ಮಗ್ಗುಲನ್ನು ಎರಡು ತಾಸಿಗೊಮ್ಮೆ ಬದಲಿಸಿರಿ. ಇಲ್ಲವಾದರೆ ಹುಣ್ಣಾಗಿ ಪ್ರಾಣಕ್ಕೇ ಕೇಡು. ಬಲವಿರುವ ಅಂಗಗಳಿಗೆ, ವೈದ್ಯರು ಹೇಳಿದಂತೆ, ದಿನಾಲು ವ್ಯಾಯಾಮ ಮಾಡಿಸಿರಿ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಬೆನ್ನುಹುರಿಯನ್ನು ಕಾಲುವೆಗೆ ಹೋಲಿಸಿದ್ದು ಯಾಕೆ?
2. ಮಾಲತಿಯವರಿಗೆ ಹೋದದ್ದೇನು? ಉಳಿದದ್ದೇನು?
3. ನಮ್ಮ ಓಣಿಯಲ್ಲಿ ಮನೆಯೊಳಗೇ ಉಳಿದವರು ಯಾರು? ಈ ವಾರ ಅವರನ್ನು ಅಂಗಳಕ್ಕೆ ಕರೆತರುವವರು ಯಾರು?