ಪಕ್ಕದ ಕೈ ಬಿಟ್ಟು ಆಚೆಯ ಕೈ ಹಿಡಿಯಬೇಡಿ

ಕರ್ತನ ಭೋಜನದ ಆರಾಧನೆಯಲ್ಲಿ ಸಮಾಧಾನ ಹಂಚುವ ಹೊತ್ತು ಬರುತ್ತದಲ್ಲ, ಆಗ ನಾನು ಹಿಂದಿನ ಬೆಂಚಿನಲ್ಲಿ ನಿಂತು ನೋಡುತ್ತಿರುತ್ತೇನೆ. ಅಯ್ಯನವರು ಕೊಟ್ಟ ಸಮಾಧಾನ ಕೈಯಿಂದ ಕೈಗೆ, ಬೆಂಚಿನಿಂದ ಬೆಂಚಿಗೆ ಸಾಗಿ ಬರಬೇಕು. ಮೊದಲ ಎರಡು ಸಾಲು ಚೆನ್ನಾಗಿಯೇ ಬರುತ್ತದೆ. ಮೂರನೆಯ ಸಾಲಿನಲ್ಲಿ ಒಬ್ಬರು ಪಕ್ಕದವರನ್ನು ಕಾಣದವರ ಹಾಗೆ ಮುಂದಕ್ಕೆ ಬಾಗಿ ಆಚೆ ಇರುವವರ ಕೈ ಹಿಡಿಯುತ್ತಾರೆ. ನಡುವೆ ನಿಂತವರು ಪಾಪ, ಹಾಡಿನ ಪುಸ್ತಕದ ಹಾಳೆ ತಿರುವುತ್ತಾರೆ. ಯಾರೂ ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಆದರೆ ಇಡೀ ಸಭೆಗೆ ಗೊತ್ತಿರುತ್ತದೆ, ಮಕ್ಕಳಿಗೂ ಗೊತ್ತಿರುತ್ತದೆ.

ನೀವು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಮಳೆ ಬರಲಿ, ಬಿಸಿಲಿರಲಿ, ಭಾನುವಾರ ಬೆಳಿಗ್ಗೆ ಮಕ್ಕಳಿಗೆ ತಲೆ ಬಾಚಿ ಕರೆದುಕೊಂಡು ಬರುವವರು ನೀವು. ಕಾಣಿಕೆ ತಪ್ಪಿಸುವುದಿಲ್ಲ. ಯಾರಿಗಾದರೂ ಕಾಯಿಲೆ ಎಂದರೆ ಗಂಜಿ ಹೊತ್ತುಕೊಂಡು ಓಡುತ್ತೀರಿ. ಅದಕ್ಕೇ ಈ ಮಾತು ನಿಮಗೆ ಹೇಳಬೇಕೆನಿಸಿತು. ಇಷ್ಟೆಲ್ಲ ಮಾಡುವವರು ಆ ಒಂದು ಕೈ ಏಕೆ ಬಿಡುತ್ತೀರಿ?

ಹೀಗೆ ಕೈಯಿಂದ ಕೈಗೆ ಸಮಾಧಾನ ಕೊಡುವ ಪದ್ಧತಿ ನಮ್ಮಲ್ಲಿಗೆ ಹೇಗೆ ಬಂತು ಎಂಬುದನ್ನು ತಿಳಿದಿರಬೇಕು. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಬೇರೆ ಬೇರೆ ಸಭೆಗಳ ಸೇವಕರು ಕೂಡಿ, ನಾವು ಒಂದಾಗಬಾರದೇ ಎಂದು ಮಾತು ಎತ್ತಿದರು. ಅದು ಕೈಗೂಡಿದ್ದು 1947ರ ಸೆಪ್ಟೆಂಬರ್ 27ರಂದು, ಚೆನ್ನೈನ ಸಂತ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ. ಲೆಕ್ಕ ಹಾಕಿ, ಇಪ್ಪತ್ತೆಂಟು ವರ್ಷ! ಬಿಷಪ್ಪರಿಲ್ಲದೆ ಸಭೆಯೇ ಇಲ್ಲ ಎನ್ನುವ ಆಂಗ್ಲಿಕನ್ನರು ಒಂದು ಕಡೆ, ಬಿಷಪ್ಪರ ಹಂಗೇ ಬೇಡ ಎನ್ನುವವರು ಇನ್ನೊಂದು ಕಡೆ, ನಡುವೆ ಮೆಥಡಿಸ್ಟರು. ನಮ್ಮ ಕನ್ನಡ ನಾಡಿನ ಲಂಡನ್ ಮಿಷನ್ನಿನ ಸಭೆಗಳೂ ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳೂ ಆ ಒಕ್ಕೂಟದೊಳಗೆ ಬಂದವು. ಅದಕ್ಕಾಗಿ ದುಡಿದವರಲ್ಲಿ ಮುಂದಾಳಾಗಿದ್ದ ಬಿಷಪ್ ಅಜರಯ್ಯನವರು ಆ ದಿನ ನೋಡದೆ 1945ರಲ್ಲೇ ತೀರಿಕೊಂಡರು. ಒಂದಾದ ಸಭೆಗೆ 1950ರಲ್ಲಿ ಹೊಸ ಆರಾಧನಾ ಕ್ರಮ ಬಂದಾಗ, ಕೇರಳದ ಸುರಿಯಾನಿ ಸಭೆಗಳಲ್ಲಿ ಹಿಂದಿನಿಂದ ನಡೆದುಬಂದ ಈ ಕೈ ಹಿಡಿಯುವ ಪದ್ಧತಿಯನ್ನು ಅದರೊಳಗೆ ಸೇರಿಸಿದರು. ಬಿಷಪ್ಪರು ಬೇಕೋ ಬೇಡವೋ ಎಂಬಷ್ಟು ದೊಡ್ಡ ಮಾತಿಗೇ ಅವರು ಇಪ್ಪತ್ತೆಂಟು ವರ್ಷ ಎದುರು ಬದುರು ಕುಳಿತರು. ಸುಗ್ಗಿ ಹಬ್ಬದ ಹರಾಜಿನಲ್ಲಿ ಹಲಸಿನ ಹಣ್ಣಿಗೆ ಯಾರು ಹೆಚ್ಚು ಕೂಗಿದರು ಎಂಬ ಮಾತಿಗೆ ನೀವು ಒಂದು ಸಂಜೆ ಕುಳಿತುಕೊಳ್ಳಲಾರಿರಾ?

ಮೊದಲ ಮಾತು ಇದೇ: ಯಾರ ಮೇಲೆ ಬೇಸರವೋ ಅವರ ಹತ್ತಿರವೇ ಹೋಗಿ. ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯವನ್ನು ನೀವು ಎಷ್ಟು ಸಲ ಓದಿಲ್ಲ! ಸಹೋದರ ತಪ್ಪು ಮಾಡಿದರೆ ಮೊದಲು ನೀನೊಬ್ಬನೇ ಹೋಗಿ ಮಾತಾಡು, ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ಕ್ರಮ ಅಷ್ಟು ಸ್ಪಷ್ಟವಾಗಿದೆ. ನಾವು ಅದನ್ನು ತಲೆಕೆಳಗು ಮಾಡಿ ಇಟ್ಟುಕೊಂಡಿದ್ದೇವೆ. ಮೊದಲು ವಾಟ್ಸಾಪ್ ಗುಂಪಿನಲ್ಲಿ ಹೆಸರು ಹೇಳದೆ ಚುಚ್ಚುವ ಒಂದು ಸಂದೇಶ. ಆಮೇಲೆ ಆರಾಧನೆ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ ನಾಲ್ಕು ಜನರ ಹತ್ತಿರ ಗುಸುಗುಸು. ಆಮೇಲೆ ಅಯ್ಯನವರ ಮನೆಗೆ ದೂರು. ಆ ಮನುಷ್ಯನಿಗೆ ಮಾತ್ರ ಯಾರೂ ಹೇಳಿರುವುದಿಲ್ಲ. ಎಲ್ಲರೂ ಮುಖ ತಿರುಗಿಸುತ್ತಿರುವುದು ಏಕೆಂದು ಅವರು ಮನೆಯಲ್ಲಿ ಕುಳಿತು ಯೋಚಿಸುತ್ತಿರುತ್ತಾರೆ.

ಇದು ನನ್ನ ಮೇಲೆಯೇ ಬಂದ ಕಥೆ, ಹೇಳುತ್ತೇನೆ. ಒಂದು ಸುಗ್ಗಿ ಹಬ್ಬದ ಊಟ ಮುಗಿದ ಮೇಲೆ ಪಾತ್ರೆ ಎಣಿಸುತ್ತಿದ್ದೆ. ಎರಡು ದೊಡ್ಡ ಸೌಟು ಕಡಿಮೆ ಬಂತು. ಸ್ತ್ರೀಯರ ಕೂಟದ ಗೆಳತಿಯೊಬ್ಬರು ಎದುರಿಗಿದ್ದರು. ಎಲ್ಲರ ಮುಂದೆ, ಸೌಟು ಎಲ್ಲಿ ಹೋಯಿತು ಎಂದು ಅವರನ್ನೇ ಕೇಳಿದೆ. ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಅವರಿಗೆ ಅದು ಕಳ್ಳಿ ಎಂದ ಹಾಗೆ ಕೇಳಿಸಿತು. ಮರುದಿನವೇ ಸೌಟು ನೀರಿನ ತೊಟ್ಟಿಯ ತಳದಲ್ಲಿ ಸಿಕ್ಕಿತು, ಆದರೆ ಅವರು ನನ್ನೊಡನೆ ಹನ್ನೊಂದು ತಿಂಗಳು ಮಾತಾಡಲಿಲ್ಲ. ಅವರಿಗೆ ಜಂಭ ಬಂದಿದೆ ಎಂದು ನಾನು ಅಂದುಕೊಂಡೆ, ನನ್ನ ಮನಸ್ಸು ಕಲ್ಲು ಎಂದು ಅವರು ಅಂದುಕೊಂಡರು. ಸೌಟಿನ ಮಾತಿಗೆ ಅವರು ನೊಂದದ್ದು ಸಭೆಯ ಅರ್ಧ ಜನಕ್ಕೆ ಗೊತ್ತಿತ್ತು. ನನಗೆ ಮಾತ್ರ ಗೊತ್ತಿರಲಿಲ್ಲ. ಕೊನೆಗೆ ಅವರ ಅತ್ತೆ ತೀರಿಕೊಂಡಾಗ ಹೋಗಿ, ಏನೂ ಕೇಳದೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಕುಳಿತೆ. ಸ್ವಲ್ಪ ಹೊತ್ತಿಗೆ ಅವರು ಪಕ್ಕದಲ್ಲಿ ಬಂದು ಕುಳಿತರು, ಮಾತು ಹೊರಗೆ ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ, ನಿಜ. ಆದರೆ ಆಡದೆ ಒಳಗಿಟ್ಟುಕೊಂಡ ಮಾತಿನಿಂದಲೂ ಅಷ್ಟೇ ನಷ್ಟ. ಹನ್ನೊಂದು ತಿಂಗಳು ಒಬ್ಬ ಒಳ್ಳೆಯ ಗೆಳತಿ ನನಗಿರಲಿಲ್ಲ, ಅವರ ಅತ್ತೆ ಹಾಸಿಗೆ ಹಿಡಿದಿದ್ದಾಗ ನಾನು ಹೋಗಲಿಲ್ಲ. ಅದು ಇಂದಿಗೂ ನನ್ನನ್ನು ಕೊರೆಯುತ್ತದೆ.

ಹೋಗುವಾಗ ಹೇಗೆ ಹೋಗಬೇಕು ಎಂಬುದನ್ನೂ ಕೇಳಿಕೊಳ್ಳಿ. ಭಾನುವಾರ ಆರಾಧನೆ ಬಿಟ್ಟ ಕೂಡಲೇ ಅಂಗಳದಲ್ಲಿ ಹಿಡಿದು ನಿಲ್ಲಿಸಬೇಡಿ. ಹೊಟ್ಟೆ ಹಸಿದಿರುತ್ತದೆ, ಸುತ್ತ ಕಿವಿಗಳಿರುತ್ತವೆ. ಕೋಪ ಇಳಿಯುವ ತನಕ ಒಂದು ದಿನ ಬಿಡಿ, ಆದರೆ ಒಂದು ವಾರ ಬಿಡಬೇಡಿ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಹೋಗುವ ಮುಂಚೆ ಫೋನು ಮಾಡಿ ಕೇಳಿ. ಒಬ್ಬರೇ ಹೋಗಿ, ಗಂಡನನ್ನೋ ಹೆಂಡತಿಯನ್ನೋ ಬೆಂಬಲಕ್ಕೆ ಕರೆದುಕೊಂಡು ಹೋಗಬೇಡಿ. ಕುಳಿತ ಮೇಲೆ ನಿಮಗೆ ಏನು ನೋವಾಯಿತೋ ಅದನ್ನಷ್ಟೇ ಹೇಳಿ. ‘ಸಭೆಯವರೆಲ್ಲ ಹೀಗೇ ಹೇಳುತ್ತಿದ್ದಾರೆ’ ಎಂಬ ಮಾತು ಬೇಡವೇ ಬೇಡ. ಆ ಎಲ್ಲರೂ ಯಾರು ಎಂದು ಕೇಳಿದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಹಳೆಯ ಕಡತ ಬಿಚ್ಚಬೇಡಿ. ಅವರಪ್ಪ, ಅವರಜ್ಜ ಕಮಿಟಿಯಲ್ಲಿದ್ದಾಗ ಏನು ಮಾಡಿದರು ಎಂಬುದು ಇವತ್ತಿನ ಮಾತಲ್ಲ. ಕಾಫಿ ಕೊಟ್ಟರೆ ಕುಡಿಯಿರಿ, ಬೇಡ ಎನ್ನಬೇಡಿ. ನಿಮ್ಮ ಕಡೆಯ ತಪ್ಪು ಕಂಡರೆ ಅಲ್ಲೇ ಒಪ್ಪಿಕೊಳ್ಳಿ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಓಡಿಸುವ ಅಭ್ಯಾಸ ನಮಗೆಲ್ಲರಿಗೂ ಇದೆ.

ನೀವು ಜಗಳದವರಲ್ಲ, ನೋಡುವವರು ಎಂದಿಟ್ಟುಕೊಳ್ಳಿ. ನಿಮಗೂ ಕೆಲಸವಿದೆ. ಫಿಲಿಪ್ಪಿಯ ಸಭೆಯಲ್ಲಿ ಯುವೊದ್ಯ, ಸಂತುಕೆ ಎಂಬ ಇಬ್ಬರು ಹೆಂಗಸರಿಗೆ ಮನಸ್ತಾಪ ಬಂದಿತ್ತು. ಇಬ್ಬರೂ ಸುವಾರ್ತೆಗಾಗಿ ಪೌಲನ ಜೊತೆ ದುಡಿದವರೇ. ಪೌಲ ಒಬ್ಬರ ಪಕ್ಷ ಹಿಡಿಯದೆ, ಇಬ್ಬರನ್ನೂ ಹೆಸರು ಹಿಡಿದು ಬೇಡಿಕೊಂಡು, ಜೊತೆಯ ಕೆಲಸಗಾರನೊಬ್ಬನಿಗೆ ಅವರಿಗೆ ಸಹಾಯ ಮಾಡು ಎಂದು ಬರೆದ. ನಡುವೆ ನಿಂತವರ ಕೆಲಸ ಅದು. ಇತ್ತಣ ಮಾತು ಅತ್ತ, ಅತ್ತಣ ಮಾತು ಇತ್ತ ಒಯ್ದು ಬೆಂಕಿಗೆ ತುಪ್ಪ ಸುರಿಯುವುದಲ್ಲ. ನಿಮ್ಮ ಹತ್ತಿರ ಯಾರಾದರೂ ಇನ್ನೊಬ್ಬರ ಮೇಲೆ ಹೇಳಿಕೊಂಡು ಬಂದರೆ, ‘ಅವರ ಹತ್ತಿರ ಹೇಳಿದ್ದೀರಾ?’ ಎಂದು ಕೇಳಿ. ಇಲ್ಲ ಎಂದರೆ, ‘ನಡೆಯಿರಿ, ಬಾಗಿಲ ತನಕ ನಾನು ಬರುತ್ತೇನೆ’ ಎನ್ನಿ. ಅರ್ಧ ಚಾಡಿ ಅಲ್ಲೇ ಸಾಯುತ್ತದೆ.

ಸಭೆಯ ಊಟದ ಜಗಳ ಹೊಸದಲ್ಲ. ಯೆರೂಸಲೇಮಿನ ಮೊದಲ ಸಭೆಯಲ್ಲೇ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆ ಎಂದು ಗೊಣಗಾಟ ಎದ್ದಿತು. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯ ತೆಗೆದು ನೋಡಿ. ಗೊಣಗಿದವರು ಯಾರು ಎಂದು ಅಪೊಸ್ತಲರು ಹುಡುಕಲಿಲ್ಲ, ನಂಬಿಕೆ ಕಡಿಮೆಯಾಯಿತು ಎಂದು ಬೈಯಲಿಲ್ಲ. ಎಲ್ಲರನ್ನೂ ಸೇರಿಸಿ, ಕೆಲಸಕ್ಕೆ ಏಳು ಜನರನ್ನು ನೀವೇ ಆರಿಸಿ ಎಂದರು. ಆರಿಸಿದ ಏಳೂ ಹೆಸರು ಗ್ರೀಕ್ ಹೆಸರು! ದೂರು ಯಾವ ಕಡೆಯಿಂದ ಬಂತೋ ಆ ಕಡೆಯವರ ಕೈಗೇ ಸೌಟು ಕೊಟ್ಟ ಹಾಗೆ ನನಗೆ ಕಾಣುತ್ತದೆ. ಕಮಿಟಿಯಲ್ಲಿರುವ ನೀವು ಇದನ್ನು ಗಮನಿಸಿ. ಲೆಕ್ಕ ಸರಿಯಿಲ್ಲ ಎಂದು ಒಬ್ಬರು ಕೇಳಿದರೆ ಸಿಡುಕಬೇಡಿ, ಪುಸ್ತಕ ತೆರೆದು ತೋರಿಸಿ, ಮುಂದಿನ ಹಬ್ಬಕ್ಕೆ ಅವರನ್ನೇ ಲೆಕ್ಕಕ್ಕೆ ಕೂರಿಸಿ. ಮತ್ತೆ ದೂರು ಹೇಳುವ ನೀವೂ ಕೇಳಿ: ಪ್ರತಿ ಹಬ್ಬಕ್ಕೂ ಅದೇ ನಾಲ್ಕು ಜನ ಶನಿವಾರ ರಾತ್ರಿ ಬೆಂಚು ಒರೆಸುತ್ತಾರೆ, ಅದೇ ನಾಲ್ಕು ಜನ ಕುರ್ಚಿ ಹೊರುತ್ತಾರೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ. ಪೊರಕೆ ಹಿಡಿಯದೆ ಕಸದ ಮಾತಾಡಬೇಡಿ. ಜೊತೆಯಲ್ಲಿ ಕೆಲಸ ಮಾಡುತ್ತಾ ಜಗಳ ಮುಂದುವರಿಸುವುದು ಕಷ್ಟ, ಇದು ನಾನು ಅಡುಗೆಮನೆಯಲ್ಲಿ ಕಂಡುಕೊಂಡದ್ದು.

ಹಾಡಿನ ತಕರಾರಿನ ಮೇಲೆ ಹೆಚ್ಚು ಹೇಳುವುದಿಲ್ಲ. ಹಿರಿಯರಿಗೆ ಹಳೆಯ ಸಂಗೀತ ಬೇಕು, ಕೆಲವರಿಗೆ ಕೀರ್ತನೆ ಬೇಕು, ಹುಡುಗರಿಗೆ ಗಿಟಾರು ಬೇಕು. ನಿಘಂಟಿನ ಕಿಟೆಲ್ ಅವರು 1862ರಲ್ಲೇ ಕ್ರಿಸ್ತನ ಕಥೆಯನ್ನು ನಮ್ಮ ನಾಡಿನ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದರು. ಹೊರಗಿನಿಂದ ಬಂದ ಜರ್ಮನಿಯವರು ನಮ್ಮ ಧಾಟಿ ಕಲಿತರು, ನೀವು ಪಕ್ಕದ ಬೆಂಚಿನ ಹುಡುಗನ ಧಾಟಿ ಒಂದು ಹಾಡಿನಷ್ಟು ಹೊತ್ತು ಕೇಳಿ. ಹುಡುಗರೇ, ನೀವು ಮೈಕಿನ ಸದ್ದು ಸ್ವಲ್ಪ ತಗ್ಗಿಸಿ.

ಜಾತಿಯ ಮಾತು ಮಾತ್ರ ಹಾಗೆ ದಾಟಿ ಹೋಗುವಂಥದ್ದಲ್ಲ. ಸಭೆಗೆ ಹೊಸದಾಗಿ ಬಂದವರನ್ನು ನಾಜೂಕಾಗಿ ‘ನಿಮ್ಮ ಕಡೆಯವರು ಯಾರು?’ ಎಂದು ಕೇಳುತ್ತೀರಲ್ಲ, ಆ ಪ್ರಶ್ನೆ ಯಾವುದಕ್ಕೆಂದು ನಿಮಗೂ ಗೊತ್ತು, ಅವರಿಗೂ ಗೊತ್ತು. ಊಟದ ಪಂಕ್ತಿಯಲ್ಲಿ ನಮ್ಮವರ ಸಾಲು ಎಂದು ಬೇರೆ ಕೂರುವುದನ್ನೂ ನಾನು ಕಂಡಿದ್ದೇನೆ. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ ಜೊತೆ ಊಟ ಮಾಡುತ್ತಿದ್ದವನು, ಯೆರೂಸಲೇಮಿನಿಂದ ಕೆಲವರು ಬಂದ ಮೇಲೆ ಹೆದರಿ ಎಲೆ ಬಿಟ್ಟು ಎದ್ದ. ಪೌಲ ಅವನ ಮುಖಕ್ಕೇ, ಎಲ್ಲರ ಎದುರಿನಲ್ಲೇ ಹೇಳಿದ. ಸೌಟಿನಂಥ ಮಾತು ಇಬ್ಬರೇ ಕುಳಿತು ಆಡಬೇಕು, ಜಾತಿಯ ಮಾತನ್ನು ನಾಲ್ಕು ಜನರ ಎದುರಿಗೇ ಆಡಬೇಕು. ಇಲ್ಲಿ ಮೌನವಾಗಿದ್ದರೆ ಅದನ್ನು ಒಗ್ಗಟ್ಟು ಎನ್ನಬೇಡಿ. ಹಾಗೆಯೇ ಮಗುವಿಗೆ ಯಾರಾದರೂ ಕೈ ಮಾಡಿದರೆ, ಹೆಣ್ಣುಮಗಳಿಗೆ ಹಿಂಸೆಯಾದರೆ, ಕಾಣಿಕೆಯ ಹಣ ನುಂಗಿದರೆ, ‘ಸಭೆಯ ಮರ್ಯಾದೆ’ ಎಂದು ಮುಚ್ಚಿಡಬೇಡಿ. ನೊಂದವರನ್ನು ಒಬ್ಬರೇ ಹೋಗಿ ಮಾತಾಡಿ ಎಂದು ಆ ಮನುಷ್ಯನ ಮುಂದೆ ಕಳಿಸಬೇಡಿ. ಮಗುವಿನ, ಹೆಣ್ಣುಮಗಳ ವಿಷಯಕ್ಕೆ ಪೊಲೀಸರಿದ್ದಾರೆ, ಕಾಯಿದೆ ಇದೆ. ಮಿಕ್ಕ ನೂರು ಜಗಳಗಳಿಗೆ ನಾನು ಹೇಳಿದ ದಾರಿ.

ಬೇಸರ ಬಂತೆಂದು ಸಭೆಯನ್ನೇ ಬಿಡುವವರಿದ್ದೀರಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ? ಹೋದ ಹೊಸ ಸಭೆಯಲ್ಲೂ ಮನುಷ್ಯರೇ ಇರುತ್ತಾರೆ. ಆದರೂ ಕೆಲವೊಮ್ಮೆ ದೂರವಾಗುವುದು ತಪ್ಪುವುದಿಲ್ಲ. ಪೌಲನಿಗೂ ಬಾರ್ನಬನಿಗೂ ಮಾರ್ಕನ ದೆಸೆಯಿಂದ ತೀಕ್ಷ್ಣವಾದ ವಾಗ್ವಾದ ನಡೆದು ಇಬ್ಬರೂ ಬೇರೆ ದಾರಿ ಹಿಡಿದರು. ಪಂಫುಲ್ಯದಲ್ಲಿ ಕೆಲಸ ಬಿಟ್ಟು ಹೋದ ಹುಡುಗ ಬೇಡ ಎಂದು ಪೌಲ, ಇನ್ನೊಂದು ಅವಕಾಶ ಕೊಡೋಣ ಎಂದು ಬಾರ್ನಬ. ಎಷ್ಟೋ ಕಾಲದ ಮೇಲೆ ಸೆರೆಯಲ್ಲಿದ್ದ ಪೌಲ ತಿಮೊಥೆಗೆ ಬರೆಯುತ್ತಾ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತನಾಗಿದ್ದಾನೆ ಎಂದ. ಬಾಗಿಲು ಮುಚ್ಚಿದರೂ ಚಿಲಕ ಹಾಕಿರಲಿಲ್ಲ. ನೀವು ಯಾರನ್ನಾದರೂ ಹೀಗೆ ದೂರ ಇಟ್ಟಿದ್ದರೆ ಹೊರಗೆ ಅವರ ಹೆಸರು ಕೆಡಿಸಬೇಡಿ. ನಾಳೆ ಅವರನ್ನು ಕರೆಯಬೇಕಾಗಿ ಬರುತ್ತದೆ.

ಇದನ್ನು ಓದುವಾಗ ಒಂದು ಮುಖ ನಿಮ್ಮ ಕಣ್ಣ ಮುಂದೆ ಬಂದಿರಬೇಕು. ಬರುವ ಕರ್ತನ ಭೋಜನದ ಭಾನುವಾರಕ್ಕೆ ಇನ್ನೂ ದಿನಗಳಿವೆ. ಇವತ್ತು ಸಂಜೆ ಅಡುಗೆಗೆ ಕೂರುವ ಮುಂಚೆ ಫೋನು ಮಾಡಿ, ನಾಳೆ ಮನೆಯಲ್ಲಿರುತ್ತೀರಾ ಎಂದು ಕೇಳಿ. ಎತ್ತದಿದ್ದರೆ ಮತ್ತೆ ಎಂಟು ಗಂಟೆಗೆ ಮಾಡಿ.