ಒಂದೇ ಸಂಖ್ಯೆ ಇಬ್ಬರಿಗೆ ಬಾರದಂತೆ

ಹೊಸಪೇಟೆಯಲ್ಲಿ ನೋಂದಾಯಿಸಿದ ವಾಹನದ ಫಲಕದ ಮೇಲೆ ಕೆಎ-35 ಎಂದೂ ಬಳ್ಳಾರಿಯದರ ಮೇಲೆ ಕೆಎ-34 ಎಂದೂ ಇರುವುದನ್ನು ಹಂಪಿಯ ಹಾದಿಯಲ್ಲಿ ಕಾಣಬಹುದು. ಈ ಎರಡಂಕಿಗಳ ಉಪಕಾರ ಸಣ್ಣದಲ್ಲ. ಒಂದು ಕಚೇರಿ ಇನ್ನೊಂದನ್ನು ಕೇಳದೆಯೇ ಸಂಖ್ಯೆ ನೀಡಬಹುದು. ಮುಂದಿನ ಅಂಕಿಗಳು ಒಂದೇ ಆದರೂ ಪೂರ್ಣ ಸಂಖ್ಯೆ ಬೇರೆ.

ತೊಡಕಿರುವುದು ಒಂದೇ ಕಚೇರಿಯೊಳಗೆ. ಒಂದೇ ದಾಖಲೆ ಪುಸ್ತಕದ ಮುಂದೆ ಇಬ್ಬರು ಗುಮಾಸ್ತರು ಕುಳಿತಿದ್ದಾರೆಂದು ಊಹಿಸಿರಿ. ಕೊನೆಯ ಸಂಖ್ಯೆ 4120. ಮೊದಲನೆಯವನು ಅದನ್ನು ಓದಿ, ಒಂದು ಕೂಡಿಸಿ, 4121 ಎಂದು ಬರೆಯುವಷ್ಟರಲ್ಲಿ ಎರಡನೆಯವನೂ ಆ 4120ನ್ನೇ ಓದಿಬಿಟ್ಟಿರುತ್ತಾನೆ. ಅವನು ಬರೆಯುವುದೂ 4121! ಇಬ್ಬರ ಲೆಕ್ಕವೂ ಸರಿಯೇ. ಆದರೆ ಅದಿರಿನ ಲಾರಿಯೊಂದು ಮಾಡಿದ ಅಪಘಾತಕ್ಕೆ ಯಾವನೋ ರೈತ ಉತ್ತರ ಹೇಳಬೇಕಾದೀತು.

ಗಣಕಯಂತ್ರದಲ್ಲಿ ಈ ಗುಮಾಸ್ತರ ಸ್ಥಾನದಲ್ಲಿರುವವು 'ಎಳೆ'ಗಳು, ಎಂದರೆ ಒಂದೇ ಕ್ರಮವಿಧಿಯೊಳಗೆ ಏಕಕಾಲದಲ್ಲಿ ಸಾಗುವ ಕೆಲಸದ ಸರಣಿಗಳು. ಓದು, ಕೂಡಿಕೆ, ಬರಹ ಈ ಮೂರನ್ನೂ ನಡುವೆ ತುಂಡಾಗದ ಒಂದೇ ಕ್ರಿಯೆಯಾಗಿಸುವುದು ಪರಿಹಾರ. ಪುಸ್ತಕಕ್ಕೆ ಬೀಗವಿಟ್ಟು, ಒಂದು ಎಳೆ ಮುಗಿಸುವ ತನಕ ಉಳಿದವನ್ನು ಕಾಯಿಸಬಹುದು. ಒಂದೇ ಆದೇಶದಿಂದ ಮೂರನ್ನೂ ಮುಗಿಸುವ ಅನುಕೂಲವೂ ಇಂದಿನ ಗಣಕಗಳಲ್ಲಿ ಉಂಟು.

ಎಳೆಗಳು ಹೆಚ್ಚಿದಂತೆ ಕಾಯುವ ಸಾಲು ಬೆಳೆಯುತ್ತದೆ. ಆಗ ಪ್ರತಿ ಎಳೆಗೂ ನೂರು ಸಂಖ್ಯೆಗಳ ಕಟ್ಟನ್ನು ಮುಂಚೆಯೇ ಕೊಡುವುದು ಲೇಸು. ಹಿಂದೆ ಬಸ್ಸಿನ ನಿರ್ವಾಹಕರಿಗೆ ಟಿಕೇಟಿನ ಕಟ್ಟುಗಳನ್ನು ಕೊಡುತ್ತಿದ್ದುದೂ ಹೀಗೆಯೇ. ಕಂಪ್ಲಿಯ ಬಸ್ಸಿನವನೂ ಸಂಡೂರಿನ ಬಸ್ಸಿನವನೂ ದಾರಿಯಲ್ಲಿ ಒಬ್ಬರನ್ನೊಬ್ಬರು ಕೇಳಬೇಕಿರಲಿಲ್ಲ. ಎಳೆಯೊಂದು ನಡುವೆ ನಿಂತುಹೋದರೆ ಅದರ ಕಟ್ಟಿನಲ್ಲಿ ಉಳಿದ ಸಂಖ್ಯೆಗಳು ವ್ಯರ್ಥವಾಗುತ್ತವೆ. ಅವನ್ನು ಮರಳಿ ಹಂಚಲು ಹೋಗಬಾರದು. ಅವುಗಳಲ್ಲಿ ಯಾವುದು ಆಗಲೇ ಬಳಕೆಯಾಗಿದೆಯೆಂಬುದು ತಿಳಿಯದಿರಬಹುದು.